ಬಜ್ಪೆಯಿಂದ ಆಕ್ಲೆಂಡ್‌ಗೆ: 11,740 ಕಿಲೋಮೀಟರ್ ಮತ್ತು ಅಮ್ಮನ ಮೊಣಕಾಲು

ಭಾನುವಾರ, ಉಡುಪಿ

ತಂಗಿಗೆ ಆಕ್ಲೆಂಡ್‌ನಲ್ಲಿ ಹೆರಿಗೆಯಾಗಿದೆ. ಬಾಣಂತನಕ್ಕೆ ಅಮ್ಮ ಹೊರಟಿದ್ದಾರೆ, ಬಿಟ್ಟು ಬರಲು ನಾನು. ಆಷಾಢದ ಮಳೆ ಬೆಳಗಿನಿಂದ ಒಂದೇ ಸಮ ಸುರಿಯುತ್ತಿದೆ. ಚಾವಡಿಯ ತುಂಬ ಬಟ್ಟೆ, ಪೊಟ್ಟಣ, ತೂಕದ ಕೊಕ್ಕೆ.

ಅಮ್ಮ ಎರಡು ಪ್ರಶ್ನೆ ಕೇಳಿದರು. "ಎಷ್ಟು ದೂರ ಮಗಾ? ಎಷ್ಟು ಹೊತ್ತು ಕೂರ್ಬೇಕು?"

ಮೊದಲನೆಯದಕ್ಕೆ ಉತ್ತರ ಸುಲಭ. ಪಕ್ಕದ ಮನೆಯ ಹುಡುಗನ ಗ್ಲೋಬ್ ತಂದೆವು. ಶಂಕರಪುರ ಮಲ್ಲಿಗೆಯ ಅಟ್ಟೆಯಿಂದ, ಅಂದರೆ ಹೂವಿನ ಕಟ್ಟಿನಿಂದ, ಬಿಚ್ಚಿದ ಬಾಳೆನಾರು ಅಲ್ಲೇ ಬಿದ್ದಿತ್ತು. ಅದರ ಒಂದು ತುದಿಯನ್ನು ನಮ್ಮ ಕರಾವಳಿಯ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ನ್ಯೂಜಿಲೆಂಡ್‌ನ ಮೇಲಿನ ದ್ವೀಪದವರೆಗೆ ಬಿಗಿಯಾಗಿ ಎಳೆದೆ. ನಾರು ಶ್ರೀಲಂಕಾದ ಉತ್ತರದ ತುದಿಯನ್ನು ಸವರಿತು. ಹಿಂದೂ ಮಹಾಸಾಗರದ ನಡುವೆ ಸಮಭಾಜಕ ರೇಖೆ ದಾಟಿತು. ಜಾವಾದ ಕೆಳಗಿನಿಂದ ಹಾದು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿ ಹೊಕ್ಕು, ಇಡೀ ಖಂಡವನ್ನು ಓರೆಯಾಗಿ ಸೀಳಿಕೊಂಡು ಆಚೆ ಬದಿಗೆ ಹೋಯಿತು. ಗೋಳದ ಮೇಲೆ ಎರಡು ಊರುಗಳ ನಡುವೆ ಇದೇ ಅತಿ ಹತ್ತಿರದ ದಾರಿ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಇದು ಸಿಗುವುದಿಲ್ಲ. ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದಿಂದ ಆಕ್ಲೆಂಡ್ ನಿಲ್ದಾಣಕ್ಕೆ ಹೀಗೆ ಲೆಕ್ಕ ಹಾಕಿದರೆ ಸುಮಾರು 11,740 ಕಿಲೋಮೀಟರ್. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರುವುದು ಕಷ್ಟ. ಅಂದರೆ ನಾವು ಹೋಗುವುದು ಭೂಮಿಯ ಅರ್ಧ ಮುಖಕ್ಕಿಂತಲೂ ಆಚೆಗೆ.

ಎರಡನೇ ಪ್ರಶ್ನೆಯೇ ಕಷ್ಟದ್ದು. ಇಂಟರ್ನೆಟ್‌ನಲ್ಲಿ ಎರಡು ಊರಿನ ಹೆಸರು ಹಾಕಿದರೆ ಸಾಕು, ದೂರ ಇಷ್ಟು, ಹಾರಾಟದ ಸಮಯ ಇಷ್ಟು ಎಂದು ಉತ್ತರ ಬರುತ್ತದೆ. ದೂರವನ್ನು ಗಂಟೆಗೆ 800–900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತಾರೆ ಅಷ್ಟೆ. ಹಾಗೆ ನೋಡಿದರೆ ನಮ್ಮ ಪ್ರಯಾಣ ಹದಿನಾಲ್ಕು ಹದಿನೈದು ಗಂಟೆಯದ್ದು. ಆದರೆ ಬಜ್ಪೆಯಿಂದ ಎದ್ದು ಆಕ್ಲೆಂಡ್‌ನಲ್ಲಿ ಇಳಿಯುವ ವಿಮಾನವೇ ಇಲ್ಲವಲ್ಲ. ಬಜ್ಪೆಯ ರನ್‌ವೇ 2,450 ಮೀಟರ್. ಬೆಂಗಳೂರಿನದ್ದು, ಸಿಂಗಪುರದ್ದು 4,000 ಮೀಟರ್. ಅಷ್ಟು ದೂರಕ್ಕೆ ಬೇಕಾದ ಇಂಧನ ತುಂಬಿಕೊಂಡ ದೊಡ್ಡ ವಿಮಾನ ನಮ್ಮ ಗುಡ್ಡದ ಮೇಲಿಂದ ಏಳುವುದು ಆಗದ ಮಾತು. ಇಲ್ಲಿಗೆ ಬರುವುದು ನಡುವೆ ಒಂದೇ ಓಣಿ ಇರುವ ಸಣ್ಣ ವಿಮಾನಗಳು. ಮನೆಯಲ್ಲಿ ವಯಸ್ಸಾದವರನ್ನು ಕಳಿಸುವವರು ಆ ಒಂದು ಸಂಖ್ಯೆಯನ್ನು ನಂಬಿ ಟಿಕೆಟ್ ಮಾಡಬಾರದು. ಅದನ್ನು ಹೇಳಲಿಕ್ಕೇ ಇದನ್ನು ದಿನದಿನವೂ ಬರೆದಿಟ್ಟೆ.

ದಾರಿ ಆರಿಸುವಾಗ ಮನೆಯಲ್ಲಿ ಚರ್ಚೆಯೇ ನಡೆದಿತ್ತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಉಂಟು, ಸುಮಾರು 2,460 ಕಿ.ಮೀ. ದುಬೈಯಿಂದ ಆಕ್ಲೆಂಡ್‌ಗೆ ನಡುವೆ ಎಲ್ಲೂ ಇಳಿಯದ ವಿಮಾನವೂ ಉಂಟು, 14,200 ಕಿ.ಮೀ. ಒಂದೇ ಕಡೆ ಬದಲಾಯಿಸಿದರೆ ಮುಗಿಯಿತು. ಆದರೆ ಪೂರ್ವಕ್ಕೆ ಹೋಗಬೇಕಾದವರು ಮೊದಲು ಪಶ್ಚಿಮಕ್ಕೆ ಹೋಗಿ, ಸುಮಾರು 5,000 ಕಿ.ಮೀ. ಹೆಚ್ಚು ಹಾರಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎರಡನೇ ವಿಮಾನದಲ್ಲಿ ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರಬೇಕು. ಅಮ್ಮನ ಮೊಣಕಾಲು ಒಂದು ಗಂಟೆ ಮಡಿಸಿಟ್ಟರೆ ಸಾಕು, ಹಿಡಿದುಕೊಳ್ಳುತ್ತದೆ. ಬೆಂಗಳೂರು, ಸಿಂಗಪುರದ ಮೇಲೆ ಹೋದರೆ ಎರಡು ಕಡೆ ಬದಲಾಯಿಸಬೇಕು. ಆದರೆ ಕೂರುವುದು ತುಂಡುತುಂಡಾಗಿ. ಸಿಂಗಪುರ ನನ್ನ ಬಾಳೆನಾರಿನ ದಾರಿಯಿಂದ ಸ್ವಲ್ಪ ಮೇಲಿದೆ. ಹಾಗಿದ್ದರೂ ಮೂರೂ ವಿಮಾನದ ದೂರ ಕೂಡಿಸಿದರೆ ಸುಮಾರು 11,890. ನೇರ ದಾರಿಗಿಂತ 150 ಕಿ.ಮೀ. ಜಾಸ್ತಿ, ಅಷ್ಟೆ. ಅಲ್ಲಿಗೆ ಚರ್ಚೆ ಮುಗಿಯಿತು.

ರಾತ್ರಿ ಕಟ್ಟುವ ಕೆಲಸ. ನ್ಯೂಜಿಲೆಂಡ್ ತನ್ನ ಹೊಲ, ಕಾಡು, ಜೇನುಗೂಡುಗಳಿಗೆ ಹೊರಗಿನ ರೋಗ, ಹುಳ ಬಾರದ ಹಾಗೆ ಬಹಳ ಕಟ್ಟುನಿಟ್ಟು. ತಿನ್ನುವ ವಸ್ತು ಏನೇ ಇದ್ದರೂ ಫಾರ್ಮಿನಲ್ಲಿ ಬರೆಯಬೇಕು. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಹಾಕಿದ ಬಾಣಂತಿ ಲೇಹ್ಯ ಹೊರಗಿಟ್ಟೆವು. ಮನೆಯಲ್ಲೇ ಕಾಯಿಸಿದ ತುಪ್ಪವೂ ಬೇಡ ಎಂದಳು ತಂಗಿ. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ಅಲ್ಲೇ ಕಾಯಿಸಬಹುದು. ಒಳಗೆ ಹೋದದ್ದು ಅಂಗಡಿಯ ಸೀಲ್ ಇದ್ದ ಶುಂಠಿ ಪುಡಿ, ಕಾಳುಮೆಣಸಿನ ಪುಡಿ, ಹಲಸಿನ ಹಪ್ಪಳ, ತೆಂಗಿನೆಣ್ಣೆ, ಹಳೆಯ ಹತ್ತಿ ಸೀರೆಗಳು. ಚಪ್ಪಲಿಯ ಅಡಿಯಲ್ಲಿ ಮಣ್ಣು ಇರಬಾರದು ಎಂಬುದು ಇನ್ನೊಂದು ನಿಯಮ. ಉಡುಪಿಯ ಮಳೆಗಾಲದಲ್ಲಿ ಮಣ್ಣಿಲ್ಲದ ಚಪ್ಪಲಿ ಎಲ್ಲಿಂದ ತರುವುದು? ಅಮ್ಮ ಬಚ್ಚಲಲ್ಲಿ ಕೂತು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚಪ್ಪಲಿಯ ಗೀರುಗೀರಿನೊಳಗಿನ ಕೆಂಪು ಮಣ್ಣನ್ನೆಲ್ಲ ತೆಗೆದರು. ಒಣಗಿಸಿ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆವು. ದಾರಿಗೆ ಬೇರೆ ಜೊತೆ.

ಸೋಮವಾರ, ಉಡುಪಿ – ಬಜ್ಪೆ – ಬೆಂಗಳೂರು

ಹತ್ತೂವರೆಗೆ ಮನೆ ಬಿಟ್ಟೆವು. ಪಡುಬಿದ್ರಿ, ಮುಲ್ಕಿ, ಅಲ್ಲಿಂದ ಒಳಗೆ ಕಿನ್ನಿಗೋಳಿ, ಕಟೀಲು, ಬಜ್ಪೆ. ಕಟೀಲಿನಲ್ಲಿ ನಂದಿನಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅಮ್ಮ ದೇವರಿಗೆ ಕೈಮುಗಿದು, ಪ್ರಸಾದದ ಹೂವನ್ನು ಮುಡಿಗೇರಿಸಿ ಕಾರು ಹತ್ತಿದರು. ಸುಮಾರು ಅರುವತ್ತು ಕಿಲೋಮೀಟರ್. ಮಳೆಯಲ್ಲಿ ಎರಡು ಗಂಟೆ.

ಬೆಂಗಳೂರಿಗೆ ಕಾರಿನಲ್ಲೇ ಹೋಗಬಹುದಿತ್ತಲ್ಲ ಎಂದು ನೆಂಟರು ಕೇಳಿದ್ದರು. ಜುಲೈಯಲ್ಲಿ ಶಿರಾಡಿ ಘಾಟಿಯನ್ನು ನಂಬಿ ವಿದೇಶದ ವಿಮಾನ ಹಿಡಿಯಲು ಹೊರಡುವುದು ನನಗೆ ಸರಿ ಕಾಣಲಿಲ್ಲ. ಎಲ್ಲಿ ಯಾವಾಗ ಗುಡ್ಡ ಜರಿಯುತ್ತದೋ ಹೇಳಲಾಗದು.

ಹಾಗಂತ ಬಜ್ಪೆಯೂ ಮಳೆಗಾಲದಲ್ಲಿ ಗಡಿಯಾರಕ್ಕೆ ಸರಿಯಾಗಿ ನಡೆಯುವ ಜಾಗವಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಡಿಸಿ–3 ವಿಮಾನದಲ್ಲಿ ಇಳಿದ ಜಾಗ ಇದು. ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ್ದು. ರನ್‌ವೇ ಮುಗಿದರೆ ಕೆಳಗೆ ಕಣಿವೆ. ಮೋಡ ಗುಡ್ಡದ ಮೇಲೇ ಕೂತುಬಿಡುತ್ತದೆ. ನಮ್ಮ ವಿಮಾನ ಮೂರು ಗಂಟೆಗೆ ಹೊರಡಬೇಕಿತ್ತು. ಬೆಂಗಳೂರಿನಿಂದ ಬರಬೇಕಾದದ್ದು ಮೇಲೆ ಸುತ್ತು ಹಾಕುತ್ತಿದೆ ಎಂದರು. ಕಾಣುವಷ್ಟು ಬೆಳಕಾಗದಿದ್ದರೆ ಅದು ವಾಪಸು ಬೆಂಗಳೂರಿಗೋ ಕೊಚ್ಚಿಗೋ ಹೋಗುತ್ತದೆ. ಎಲ್ಲರೂ ಗಾಜಿನ ಕಡೆಗೇ ನೋಡುತ್ತಿದ್ದರು. ಯಾರೂ ಸಿಬ್ಬಂದಿಯ ಮೇಲೆ ರೇಗಲಿಲ್ಲ. 2010ರ ಮೇ 22ರ ಬೆಳಿಗ್ಗೆ ಇದೇ ಗುಡ್ಡದ ತುದಿಯಲ್ಲಿ ವಿಮಾನ ಕಣಿವೆಗೆ ಬಿದ್ದು 158 ಜನ ತೀರಿಕೊಂಡದ್ದನ್ನು ಈ ಊರಿನವರು ಮರೆತಿಲ್ಲ. ಇಲ್ಲಿ ಪೈಲಟ್ ಕಾದರೆ ನನಗೆ ಸಮಾಧಾನವೇ. ನಾಲ್ಕು ಗಂಟೆಯ ಹೊತ್ತಿಗೆ ಮೋಡ ಸ್ವಲ್ಪ ಬಿಟ್ಟಿತು, ವಿಮಾನ ಇಳಿಯಿತು. ಅರ್ಧ ಗಂಟೆಯಲ್ಲಿ ನಮ್ಮನ್ನು ಹತ್ತಿಸಿಕೊಂಡು ಹೊರಟಿತು.

ಮಂಗಳೂರು–ಬೆಂಗಳೂರು ಆಕಾಶದಲ್ಲಿ ಬರೀ 306 ಕಿ.ಮೀ. ಆದರೂ ಟಿಕೆಟ್‌ನಲ್ಲಿ ಒಂದು ಗಂಟೆಯ ಮೇಲೆ ಬರೆದಿರುತ್ತಾರೆ. ಟಿಕೆಟಿನ ಸಮಯ ಎಂದರೆ ನಿಂತಲ್ಲಿಂದ ಕದಲಿದ ಕ್ಷಣದಿಂದ, ಆ ಕಡೆ ಹೋಗಿ ಮತ್ತೆ ಪೂರ್ತಿ ನಿಲ್ಲುವವರೆಗೆ. ರನ್‌ವೇಗೆ ತೆವಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಅದರೊಳಗೆ. ಇಷ್ಟು ಸಣ್ಣ ದೂರದಲ್ಲಿ ವಿಮಾನಕ್ಕೆ ತನ್ನ ಪೂರ್ತಿ ವೇಗದಲ್ಲಿ ಹೋಗಲು ಪುರುಸೊತ್ತೇ ಇಲ್ಲ. ಏರಿ ಮುಗಿಯುವುದರೊಳಗೆ ಇಳಿಯಲು ಶುರು. ಲೆಕ್ಕ ಹಾಕಿದರೆ ಗಂಟೆಗೆ ಮುನ್ನೂರು ಕಿಲೋಮೀಟರ್ ಕೂಡ ಬರುವುದಿಲ್ಲ. ಕಿಲೋಮೀಟರಿಗೆ ಅತಿ ಜಾಸ್ತಿ ಹೊತ್ತು ತಿಂದದ್ದು ಈ ತುಂಡೇ.

ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದರವರೆಗೆ ಕಾಯಬೇಕು. ಟಿಕೆಟಿನ ಪ್ರಕಾರ ಸುಮಾರು ಏಳು ಗಂಟೆಯ ಅಂತರವನ್ನು ನಾನೇ ಬೇಕೆಂದು ಇಟ್ಟುಕೊಂಡಿದ್ದೆ. ಮೂರೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ. ಮಂಗಳೂರಿನ ತುಂಡನ್ನು ಬೇರೆ ಟಿಕೆಟ್ ಮಾಡಿದ್ದರೆ ಒಂದಿಷ್ಟು ದುಡ್ಡು ಉಳಿಯುತ್ತಿತ್ತು. ಆದರೆ ಮಳೆಯಲ್ಲಿ ಮೊದಲ ವಿಮಾನ ತಪ್ಪಿದರೆ ಮುಂದಿನದ್ದಕ್ಕೆ ಯಾರೂ ಹೊಣೆ ಇರುವುದಿಲ್ಲ. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಅವರ ಕೆಲಸ. ಪೆಟ್ಟಿಗೆಯೂ ಬಜ್ಪೆಯಲ್ಲಿ ಕೊಟ್ಟರೆ ಆಕ್ಲೆಂಡ್‌ನಲ್ಲೇ ಕೈಗೆ. ನಮ್ಮ ಕರಾವಳಿಯಿಂದ ಜೂನ್, ಜುಲೈಯಲ್ಲಿ ಹೊರಡುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಅಮ್ಮನಿಗೆ ಗಾಲಿಕುರ್ಚಿ ಹೇಳಿದ್ದೆ. ಟಿಕೆಟ್ ಮಾಡುವಾಗಲೇ ಕೇಳಿಕೊಂಡರೆ ಅದಕ್ಕೆ ಬೇರೆ ದುಡ್ಡಿಲ್ಲ. "ನಡೀಲಿಕ್ಕೆ ಆಗ್ತದಲ್ಲ, ಸುಮ್ನೆ ಯಾಕೆ?" ಎಂದು ಮೊದಲು ಒಪ್ಪಲಿಲ್ಲ. ಇಮಿಗ್ರೇಷನ್ ಸಾಲು ನೋಡಿದ ಮೇಲೆ ಮಾತಾಡದೆ ಕೂತರು. ಮನೆಯಿಂದ ತಂದ ಚಪಾತಿ, ಒಣ ಚಟ್ನಿ ಅಲ್ಲೇ ಊಟ.

ಮಂಗಳವಾರ, ಸಿಂಗಪುರ – ಆಕ್ಲೆಂಡ್

ಬೆಂಗಳೂರು–ಸಿಂಗಪುರ ಸುಮಾರು 3,180 ಕಿ.ಮೀ., ನಾಲ್ಕೂಕಾಲು ಗಂಟೆ. ತಮಿಳುನಾಡು ದಾಟಿದರೆ ಆಮೇಲೆ ಪೂರ್ತಿ ಬಂಗಾಳ ಕೊಲ್ಲಿಯ ಕತ್ತಲು. ಇಬ್ಬರೂ ಮಲಗಿದೆವು. ಇಳಿದಾಗ ಅಲ್ಲಿ ಬೆಳಗಿನ ಆರು, ನಮ್ಮ ಊರಲ್ಲಿ ಮೂರೂವರೆ. ಮುಡಿಯಲ್ಲಿದ್ದ ಕಟೀಲಿನ ಹೂವನ್ನು ಅಮ್ಮ ಇಲ್ಲಿ ತೆಗೆಯಬೇಕಾಯಿತು. ಆಕ್ಲೆಂಡ್‌ಗೆ ಹೂವು ಒಯ್ಯುವಂತಿಲ್ಲ. ಕಸದ ಡಬ್ಬಿಗೆ ಹಾಕಲು ಮನಸ್ಸಾಗದೆ, ನಿಲ್ದಾಣದೊಳಗೆ ಬೆಳೆಸಿದ ಗಿಡಗಳ ಬುಡದಲ್ಲಿ ಮೆಲ್ಲನೆ ಇಟ್ಟರು.

ಮೂರು ಗಂಟೆ ಕಾಯುವಿಕೆ. ನಾನು ಅಮ್ಮನನ್ನು ನಡೆಸಿದೆ. ಕೂತು ಬಂದ ಮೇಲೆ ನಡೆಯಬೇಕು, ಮತ್ತೆ ಕೂರುವ ಮೊದಲೂ ನಡೆಯಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂದು ವೈದ್ಯರು ಹೇಳಿದ ಬಿಗಿಯಾದ ಕಾಲುಚೀಲ ಹಾಕಿಸಿದೆ. ಒಂದು ಬಾಟಲಿ ನೀರು ಪೂರ್ತಿ ಕುಡಿಸಿದೆ.

ಒಂಬತ್ತಕ್ಕೆ ಕೊನೆಯ, ಉದ್ದದ ತುಂಡು ಶುರು. ಸಿಂಗಪುರದಿಂದ ಆಕ್ಲೆಂಡ್ ಸುಮಾರು 8,410 ಕಿ.ಮೀ. ಹಗಲು ಹೊತ್ತಿನ ವಿಮಾನ, ಬಲಬದಿಯ ಕಿಟಕಿ ನಮ್ಮದು. ಜುಲೈಯಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ. ಹಾಗಾಗಿ ಎಡಬದಿಯವರು ಕಿಟಕಿ ಮುಚ್ಚಿಕೊಂಡಿದ್ದರು, ನಮಗೆ ಕೆಳಗಿನ ನೆಲ ಸ್ಪಷ್ಟ. ಸಿಂಗಪುರ ಸಮಭಾಜಕ ರೇಖೆಗೆ ಎಷ್ಟು ಹತ್ತಿರ ಎಂದರೆ ಎದ್ದು ಇಪ್ಪತ್ತು ನಿಮಿಷದೊಳಗೆ ಅದನ್ನು ದಾಟಿಯಾಗಿತ್ತು. ಪರದೆಯ ಮೇಲಿನ ಗೆರೆ ತೋರಿಸಿದೆ. "ದಾಟಿದ್ದು ಗೊತ್ತೇ ಆಗ್ಲಿಲ್ಲ ಅಲ್ವಾ" ಎಂದರು ಅಮ್ಮ.

ಇಂಡೋನೇಷ್ಯಾದ ದ್ವೀಪಗಳು ಹೋದವು, ತಿಮೋರ್ ಸಮುದ್ರ ಹೋಯಿತು. ಊಟ ಮುಗಿಸಿ ನೋಡುವಾಗ ಕೆಳಗೆ ಆಸ್ಟ್ರೇಲಿಯಾದ ವಾಯವ್ಯ ಮೂಲೆ. ಅಲ್ಲಿಂದ ಮುಂದೆ ಸುಮಾರು ನಾಲ್ಕು ಗಂಟೆ ಅದೊಂದೇ ದೇಶ. ಇದನ್ನು ನಕ್ಷೆ ನೋಡಿ ಅಂದಾಜು ಮಾಡಲು ಆಗುವುದಿಲ್ಲ, ಕೂತು ನೋಡಬೇಕು. ಕೆಂಪು ನೆಲ, ಅದರ ಮೇಲೆ ಸಾಲುಸಾಲು ಮರಳ ದಿಬ್ಬ, ಬಿಳಿ ಉಪ್ಪಿನ ಕಲೆ, ಎಲ್ಲೋ ಒಂದು ಗೆರೆ ಎಳೆದ ಹಾಗೆ ನೇರ ರಸ್ತೆ. ಮನೆ ಇಲ್ಲ, ಹೊಳೆಯಲ್ಲಿ ನೀರಿಲ್ಲ. ನಿನ್ನೆಯಷ್ಟೇ ನಂದಿನಿಯ ಪ್ರವಾಹ ನೋಡಿ ಬಂದ ಅಮ್ಮ ಕಿಟಕಿಗೆ ಹಣೆ ಹಚ್ಚಿ ಕೂತರು. "ಇಲ್ಲಿಯ ಜನ ಎಂತ ಮಾಡ್ತಾರೆ?" ಎಂದು ಎರಡು ಸಲ ಕೇಳಿದರು.

ಪರದೆಯಲ್ಲಿ ವಿಮಾನದ ವೇಗ ಬರುತ್ತಿತ್ತು. ಸಮಭಾಜಕದ ಹತ್ತಿರ ಗಂಟೆಗೆ 880 ಇದ್ದದ್ದು, ಆಸ್ಟ್ರೇಲಿಯಾದ ನಡುಭಾಗ ದಾಟುತ್ತಿದ್ದಂತೆ 950, ಆಮೇಲೆ 1,000 ದಾಟಿತು. ಎಂಜಿನ್ ಜೋರು ಮಾಡಿದ್ದಲ್ಲ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿ ಇದೆ, ಜೆಟ್ ಸ್ಟ್ರೀಮ್. ದಕ್ಷಿಣದ ಚಳಿಗಾಲದಲ್ಲಿ, ಅಂದರೆ ನಮ್ಮ ಜುಲೈಯಲ್ಲಿ, ಆಸ್ಟ್ರೇಲಿಯಾದ ಮೇಲೆ ಅದು ಬಹಳ ಬಲವಾಗಿರುತ್ತದೆ. ವಿಮಾನ ಗಾಳಿಯೊಳಗೆ ತನ್ನ ವೇಗದಲ್ಲೇ ಹೋಗುತ್ತದೆ, ಗಾಳಿ ಅದನ್ನು ಹೊತ್ತು ಮುಂದಕ್ಕೆ ಒಯ್ಯುತ್ತದೆ. ನೆಲಕ್ಕೆ ಹೋಲಿಸಿ ನೋಡಿದರೆ ಎರಡೂ ಕೂಡಿದ ವೇಗ.

ಗಾಳಿಯ ಬೆಲೆ ಎಷ್ಟು ಎಂಬುದಕ್ಕೆ ಒಳ್ಳೆಯ ಉದಾಹರಣೆ ನಮ್ಮ ದೇಶದ್ದೇ ಇದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಜಾಸ್ತಿಯಾಗಿ 15,300 ಕಿ.ಮೀ. ಆಯಿತು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಹಳೆಯ ದಾರಿಗಿಂತ ಬೇಗ. ಹಿಂದಿನಿಂದ ಗಾಳಿ ಸಿಕ್ಕಿದರೆ ದೂರದ ದಾರಿಯೇ ಹತ್ತಿರದ್ದು.

ಸಂಜೆಯಾದದ್ದು ವಿಚಿತ್ರವಾಗಿತ್ತು. ನನ್ನ ಕೈಗಡಿಯಾರದಲ್ಲಿ ಸಿಂಗಪುರದ ಮಧ್ಯಾಹ್ನ ಮೂರು ಗಂಟೆ. ನಾವು ಸೂರ್ಯನಿಗೆ ಬೆನ್ನು ಹಾಕಿ ಪೂರ್ವಕ್ಕೆ ಓಡುತ್ತಿದ್ದೆವು, ಅದಕ್ಕೇ ಹಗಲು ಕುಗ್ಗಿತು. ಎದುರಿನ ಆಕಾಶದ ಬುಡದಲ್ಲಿ ಬೂದು ನೀಲಿ ಪಟ್ಟಿಯೊಂದು ಎದ್ದು ಅಗಲವಾಗುತ್ತ ಬಂತು. ಅದು ಭೂಮಿಯದ್ದೇ ನೆರಳು. ಆಸ್ಟ್ರೇಲಿಯಾದ ಆಗ್ನೇಯ ಕರಾವಳಿ ಬರುವಷ್ಟರಲ್ಲಿ ಕೆಳಗೆ ದೀಪಗಳು. ಟಾಸ್ಮನ್ ಸಮುದ್ರ ಎರಡು ಗಂಟೆ ಚಿಲ್ಲರೆ ಕತ್ತಲೆಯಲ್ಲಿ.

ಆಕ್ಲೆಂಡ್ ಮುಟ್ಟಿದಾಗ ಅಲ್ಲಿ ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ನಿಮಿಷ. ಉಡುಪಿಯಲ್ಲಿ ಸಂಜೆ ನಾಲ್ಕು ದಾಟಿದೆ ಅಷ್ಟೆ. ಆರೂವರೆ ಗಂಟೆಯ ವ್ಯತ್ಯಾಸ. ಒಳಬರುವ ದಾರಿಯಲ್ಲಿ ಅಲ್ಲಿಯ ಮೂಲನಿವಾಸಿ ಮಾವೋರಿಗಳ ಕೆತ್ತನೆಯ ದೊಡ್ಡ ಮರದ ದ್ವಾರ ಇದೆ. ಗಾಲಿಕುರ್ಚಿ ತಳ್ಳುತ್ತಿದ್ದ ಹುಡುಗ ಅಲ್ಲಿ ಒಂದು ಕ್ಷಣ ನಿಲ್ಲಿಸಿದ. ಅಮ್ಮ ತಲೆಯೆತ್ತಿ ನೋಡಿ ಕೈಮುಗಿದರು.

ಬಯೋಸೆಕ್ಯುರಿಟಿಯ ಮೇಜಿನ ಮೇಲೆ ನಮ್ಮ ಪೆಟ್ಟಿಗೆ ತೆರೆದದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. ಬರೆದು ಕೊಟ್ಟಿದ್ದೆವಲ್ಲ, ಅಧಿಕಾರಿ ಹೆಂಗಸು ಸಮಾಧಾನದಿಂದಲೇ ಒಂದೊಂದನ್ನು ಕೇಳಿದಳು. ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ ಚಪ್ಪಲಿ. ಪೇಪರ್ ಬಿಚ್ಚಿ, ಅಡಿ ಮೇಲೆ ಮಾಡಿ, ದೀಪದ ಕೆಳಗೆ ತಂದು ಬೆರಳ ತುದಿಯಿಂದ ಗೀರಿನುದ್ದಕ್ಕೂ ಸವರಿದಳು. ಬೆರಳು ಬಿಳಿಯಾಗಿಯೇ ಇತ್ತು. "ವೆರಿ ಕ್ಲೀನ್" ಎಂದು ನಕ್ಕಳು. ಬ್ರಷ್ ಹಿಡಿದು ಬಚ್ಚಲಲ್ಲಿ ಕೂತಿದ್ದ ಅಮ್ಮನಿಗೆ ಆ ಮಾತು ಅರ್ಥವಾಯಿತು.

ತಂಗಿಯ ಮನೆ ಬಾಗಿಲು ತಟ್ಟಿದಾಗ ಹನ್ನೆರಡೂವರೆ. ಉಡುಪಿಯ ಗೇಟು ಹಾಕಿ ಸುಮಾರು 31 ಗಂಟೆ. ಇದರಲ್ಲಿ ವಿಮಾನ ಗಾಳಿಯಲ್ಲಿ ಇದ್ದದ್ದು ಹದಿನಾಲ್ಕು ಗಂಟೆ ಚಿಲ್ಲರೆ. ಉಳಿದ ಅರ್ಧಕ್ಕಿಂತ ಜಾಸ್ತಿ ನೆಲದ ಮೇಲೆ: ಕಾರು, ಸಾಲು, ಬೆಂಚು, ಮೋಡ ಬಿಡಲೆಂದು ನೋಡಿದ್ದು. ಇಂಟರ್ನೆಟ್ ಕೊಟ್ಟ ಸಂಖ್ಯೆಗೂ ಗಾಳಿಯಲ್ಲಿದ್ದ ಹೊತ್ತಿಗೂ ಬಹಳ ವ್ಯತ್ಯಾಸವಿಲ್ಲ, ನೋಡಿ. ಆದರೆ ಅಮ್ಮನ ಮೊಣಕಾಲು ಅನುಭವಿಸಿದ್ದು 31 ಗಂಟೆಯನ್ನು.

ಬುಧವಾರದಿಂದ ಶನಿವಾರ, ಆಕ್ಲೆಂಡ್

ಪೂರ್ವಕ್ಕೆ ಹೋದವರ ಮೈ ಹಿಂದೆ ಉಳಿಯುತ್ತದೆ. ಇಲ್ಲಿ ರಾತ್ರಿ ಹತ್ತು ಎಂದರೆ ಅಮ್ಮನ ಮೈಗೆ ಮಧ್ಯಾಹ್ನ ಮೂರೂವರೆ. ಬೆಳಗಿನ ಜಾವ ನಾಲ್ಕರವರೆಗೆ ನಿದ್ದೆ ಸುಳಿಯಲಿಲ್ಲ. ಒಂದು ಗಂಟೆಯ ವ್ಯತ್ಯಾಸಕ್ಕೆ ಮೈ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ದಿನ ಬೇಕು ಎನ್ನುತ್ತಾರೆ. ಆದರೆ ಬಾಣಂತಿಯ ಮನೆಯಲ್ಲಿ ಇದೇ ವರವಾಯಿತು. ಹನ್ನೆರಡು, ಎರಡು, ಮೂರೂವರೆ, ಕೂಸು ಎದ್ದಾಗಲೆಲ್ಲ ಅಮ್ಮ ಎದ್ದೇ ಇದ್ದರು. ಹಾಲು ಕುಡಿಸಲು ತಂಗಿಯನ್ನು ಎಬ್ಬಿಸಿ, ಕುಡಿದಾದ ಮೇಲೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ಅಡ್ಡಾಡುತ್ತಿದ್ದರು. "ಅಕ್ಕ, ಹೆರಿಗೆಯಾದ ಮೇಲೆ ಇವತ್ತೇ ನಾನು ಸರಿಯಾಗಿ ನಿದ್ದೆ ಮಾಡಿದ್ದು" ಎಂದಳು ತಂಗಿ, ಗುರುವಾರ. ದೂರದ ಊರಿಗೆ ಬಾಣಂತನಕ್ಕೆ ಹೋಗುವ ಅಜ್ಜಿಯಂದಿರು ಮೊದಲ ವಾರ ನಿದ್ದೆ ಬಾರದ್ದಕ್ಕೆ ಗಾಬರಿಯಾಗುವುದು ಬೇಡ. ಮಾತ್ರೆ ನುಂಗುವುದೂ ಬೇಡ. ಆ ಎಚ್ಚರಕ್ಕೆ ಅಲ್ಲಿ ಕೆಲಸ ಇದೆ.

ತೆಂಗಿನೆಣ್ಣೆ ಬಾಟಲಿಯೊಳಗೆ ಕಲ್ಲಾಗಿತ್ತು. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗಾದರೆ ಅದು ಗಟ್ಟಿಯಾಗುತ್ತದೆ. ಇಲ್ಲಿಯ ಚಳಿಯಲ್ಲಿ ಹಗಲು ಹದಿನೈದು ಮುಟ್ಟಿದರೆ ಹೆಚ್ಚು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಳಿಬಿಟ್ಟು, ಕರಗಿದ ಮೇಲೆ ಕೂಸಿಗೆ ಹಚ್ಚಿ ಮೀಯಿಸಿದರು. ಎಳೆ ಬಿಸಿಲು ಹಿಡಿಸಲು ಕೂಸನ್ನು ಎತ್ತಿಕೊಂಡು ಮನೆಯ ದಕ್ಷಿಣ ಬದಿಗೆ ಹೋದರೆ ಅಲ್ಲಿ ನೆರಳು, ತಣ್ಣಗೆ. ಈ ಅರ್ಧಗೋಳದಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ನಡೆಯುತ್ತಾನೆ. ಬಿಸಿಲು ಬೇಕಾದ ಮನೆಗಳೆಲ್ಲ ಉತ್ತರಕ್ಕೆ ಕಿಟಕಿ ಇಟ್ಟಿರುತ್ತವೆ. ಮಾರನೇ ದಿನದಿಂದ ಅಜ್ಜಿ, ಕೂಸು ಇಬ್ಬರೂ ಉತ್ತರದ ಕಿಟಕಿಯಲ್ಲಿ.

ಊರು ನೋಡಿದ್ದು ಕಡಿಮೆ. ಒಂದು ಸಂಜೆ ಮೌಂಟ್ ಈಡನ್ ಹತ್ತಿದೆ, 196 ಮೀಟರ್ ಎತ್ತರದ ಹಳೆಯ ಜ್ವಾಲಾಮುಖಿ. ಎರಡು ಬದಿಗೂ ಸಮುದ್ರದ ನೀರು ಕಾಣುತ್ತದೆ. ಅಷ್ಟು ಸಾಕಾಯಿತು.

ಭಾನುವಾರ, ವಾಪಸು

ನಾನೊಬ್ಬಳೇ. ಅಮ್ಮ ಅಕ್ಟೋಬರ್‌ವರೆಗೆ ಇಲ್ಲೇ.

ಆಕ್ಲೆಂಡ್ ನಿಲ್ದಾಣದ ಅಂತಾರಾಷ್ಟ್ರೀಯ ಟರ್ಮಿನಲ್‌ಗೆ ಜೀನ್ ಬ್ಯಾಟನ್ ಎಂಬ ಹೆಂಗಸಿನ ಹೆಸರು. ಅವಳ ಬೆಳ್ಳಿ ಬಣ್ಣದ ವಿಮಾನವನ್ನು ಒಳಗೆ ತೂಗುಹಾಕಿದ್ದಾರೆ, ಪರ್ಸಿವಲ್ ಗಲ್. 1936ರ ಅಕ್ಟೋಬರ್‌ನಲ್ಲಿ ಅವಳು ಇದರಲ್ಲಿ ಒಬ್ಬಳೇ ಇಂಗ್ಲೆಂಡಿನಿಂದ ನ್ಯೂಜಿಲೆಂಡ್‌ಗೆ ಬಂದಳು. 11 ದಿನ 45 ನಿಮಿಷ. ಒಂದೇ ಎಂಜಿನ್. ಕೆಳಗೆ ನಿಂತು ನೋಡಿದರೆ ಎಷ್ಟು ಸಣ್ಣದು ಎನ್ನಿಸುತ್ತದೆ, ನಮ್ಮ ಚಾವಡಿಯಷ್ಟೂ ಅಗಲದ ಜಾಗ ಅವಳಿಗೆ ಕೂರಲು ಇರಲಿಲ್ಲ. ಸಿಡ್ನಿಯಿಂದ ಆಕ್ಲೆಂಡ್‌ಗೆ ಟಾಸ್ಮನ್ ಸಮುದ್ರವನ್ನು ದಾಟಲು ಅವಳಿಗೆ ಹತ್ತೂವರೆ ಗಂಟೆ ಬೇಕಾಯಿತು. ನಾವು ಬರುವಾಗ ಅದೇ ಸಮುದ್ರ ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿದಿತ್ತು, ಅಮ್ಮ ಟೀ ಕುಡಿಯುತ್ತಿದ್ದರು. ನಾನು ಹತ್ತು ನಿಮಿಷ ಅಲ್ಲೇ ನಿಂತೆ. ಹತ್ತೂವರೆ ಗಂಟೆ ನೀರಿನ ಮೇಲೆ, ಒಬ್ಬಳೇ, ಮಳೆಯಲ್ಲಿ. ಅವಳಿಗೆ ಆಗ 27 ವರ್ಷ.

ಹಿಂದಿರುಗುವ ವಿಮಾನಕ್ಕೆ ಅದೇ ಗಾಳಿ ಎದುರು. ಬರುವಾಗ ಕೈಹಿಡಿದು ತಂದದ್ದು ಈಗ ಎದೆಗೆ ಕೈಕೊಟ್ಟು ತಡೆಯುತ್ತದೆ. ಜೆಟ್ ಸ್ಟ್ರೀಮ್‌ನಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಹಿಡಿಯುತ್ತಾರೆ. ಹಾಗಿದ್ದರೂ ವೇಗ ಎಷ್ಟೋ ಹೊತ್ತು 800ರ ಕೆಳಗೇ ಇತ್ತು. ಅದೇ ಎರಡು ನಿಲ್ದಾಣ, ಅದೇ 8,410 ಕಿ.ಮೀ., ಆದರೆ ಒಂದು ಗಂಟೆಗೂ ಜಾಸ್ತಿ ಹೊತ್ತು. ಅಮ್ಮನ ವಾಪಸು ಟಿಕೆಟ್‌ಗೆ ಇದನ್ನು ಬರೆದಿಟ್ಟುಕೊಂಡೆ.

ಸೋಮವಾರ, ಬೆಂಗಳೂರು – ಉಡುಪಿ

ರಾತ್ರಿ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಮಂಗಳೂರಿನಲ್ಲಿ ಜೋರು ಮಳೆ ಎಂದರು. ನನಗೆ ಅವಸರವಿಲ್ಲ, ಸಂಜೆ ಪಂಚಗಂಗಾ ರೈಲು ಹಿಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ, 57 ಸುರಂಗ. ರೈಲು ಅಲ್ಲಿ ಗಂಟೆಗೆ ಮೂವತ್ತು ಕಿ.ಮೀ. ದಾಟುವುದಿಲ್ಲ. ಎಡಕುಮೇರಿಯ ಹತ್ತಿರ ಎಚ್ಚರವಾಯಿತು. ಬಾಗಿಲ ಬಳಿ ನಿಂತರೆ ಕತ್ತಲೆಯಲ್ಲಿ ನೀರು ಧುಮುಕುವ ಸದ್ದು ಮಾತ್ರ. ಈ ಒಂದು ಘಾಟಿಗೆ ಎರಡು ಗಂಟೆಯ ಮೇಲೆ ಬೇಕಾಯಿತು. ಟಾಸ್ಮನ್ ಸಮುದ್ರಕ್ಕೆ ಬೇಕಾದಷ್ಟೇ ಹೊತ್ತು.

ಮುಂಜಾನೆ ಉಡುಪಿಯ ರೈಲು ನಿಲ್ದಾಣವಿರುವ ಇಂದ್ರಾಳಿಯಲ್ಲಿ ಇಳಿದು ಮನೆ ಸೇರಿ, ಸ್ನಾನ ಮುಗಿಸಿ ಅಮ್ಮನ ಟಿಕೆಟ್ ನೋಡಲು ಕೂತೆ. ಸಿಂಗಪುರದಲ್ಲಿ ಮೂರು ಗಂಟೆ ಸಾಲದು, ಹನ್ನೊಂದು ಗಂಟೆ ಕೂತು ಬರುವವರಿಗೆ ಕಾಲು ಚಾಚಿ ಮಲಗುವ ಜಾಗ ಬೇಕು. ಅಲ್ಲಿ ನಿಲ್ದಾಣದ ಒಳಗೇ ಗಂಟೆ ಲೆಕ್ಕದಲ್ಲಿ ಕೋಣೆ ಸಿಗುತ್ತದೆ. ಆರು ಗಂಟೆಯ ಅಂತರವಿರುವ ಟಿಕೆಟ್ ಹಿಡಿದು, ಕೋಣೆಯನ್ನೂ ಸೇರಿಸಿ, ಗಾಲಿಕುರ್ಚಿ ಎಂದು ಗುರುತು ಹಾಕಿದೆ. ಅಕ್ಟೋಬರ್‌ನಲ್ಲಿ ಬಜ್ಪೆಯಲ್ಲಿ ಮೋಡ ಇಷ್ಟು ಕಾಟ ಕೊಡುವುದಿಲ್ಲ. ಸೆಪ್ಟೆಂಬರ್‌ನ ಕೊನೆಯ ಭಾನುವಾರ ನ್ಯೂಜಿಲೆಂಡ್‌ನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಮೇಲೆ ವ್ಯತ್ಯಾಸ ಏಳೂವರೆ ಗಂಟೆ. ಅದನ್ನೂ ಸೇರಿಸಿ ಹೊರಡುವ ಹೊತ್ತು, ಮುಟ್ಟುವ ಹೊತ್ತು ಎರಡನ್ನೂ ತಂಗಿಗೆ ವಾಟ್ಸಾಪ್ ಮಾಡಿದೆ. ಕೂಡಲೇ ಅಮ್ಮನ ಫೋನ್ ಬಂತು. "ಈ ಸಲ ಎಷ್ಟು ಹೊತ್ತು ಕೂರ್ಬೇಕು ಮಗಾ?" ಮೊದಲು ಹನ್ನೊಂದು ಗಂಟೆ, ಆಮೇಲೆ ಮಲಗುವುದು, ಆಮೇಲೆ ನಾಲ್ಕೂವರೆ, ಕೊನೆಗೆ ಒಂದು ಎಂದು ತುಂಡುತುಂಡಾಗಿಯೇ ಹೇಳಿದೆ.